ಮಂಡ್ಯವನ್ನು ಕಟ್ಟಿದವರು ಎಂದು ಮಕ್ಕಳಿಗೆ ಯಾರ ಬಗ್ಗೆ ಹೇಳಬೇಕು?

ಪ್ರಶ್ನೆ: ಹೊಸಹಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ತಿಂಗಳು ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು, ‘ನಮ್ಮ ಊರನ್ನು ಕಟ್ಟಿದವರು ಯಾರು? ಒಬ್ಬರ ಹೆಸರು ಬರೆದು, ಅವರು ಮಾಡಿದ ಒಂದು ಕೆಲಸವನ್ನು ತಿಳಿಸಿ’ ಎಂದು ಕೇಳಿದ್ದೆ. 38 ಮಕ್ಕಳಲ್ಲಿ 31 ಮಕ್ಕಳು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಬರೆದರು. ಆರು ಮಕ್ಕಳು ಈಗಿನ ರಾಜಕಾರಣಿಗಳ ಮತ್ತು ಸಿನಿಮಾ ನಟರ ಹೆಸರು ಬರೆದರು. ಉಳಿದ ಒಬ್ಬ ಹುಡುಗಿ ಮಾತ್ರ, ‘ನಮ್ಮ ತಾತ. ಅವರು ಫ್ಯಾಕ್ಟರಿಗೆ ಗಾಡಿಯಲ್ಲಿ ಕಬ್ಬು ಹೊಡೆಯುತ್ತಿದ್ದರು’ ಎಂದು ಬರೆದಿದ್ದಳು. ಆ ಹಾಳೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ವಿಶ್ವೇಶ್ವರಯ್ಯನವರ ಹೆಸರು ಬರೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಕೆಲಸ ಮಾಡಿದ್ದು ಇಡೀ ದೇಶದಲ್ಲಿ. ಈ ಊರಿನಲ್ಲಿ ನಿಂತು, ಇಲ್ಲಿನ ಜನರ ನಡುವೆ ಓಡಾಡಿ, ಶಾಲೆ, ಕಾರ್ಖಾನೆ, ಸಂಘ, ಸಭೆ ಎಂದು ಒಂದೊಂದನ್ನೂ ಕೈಯಾರೆ ಎಬ್ಬಿಸಿದ ಹಿರಿಯರ ಬಗ್ಗೆ ಮಕ್ಕಳಿಗೆ ಏನೂ ಗೊತ್ತಿಲ್ಲ ಎಂಬುದು ನನಗೆ ಬೇಸರ ತಂದಿದೆ. ಮುಂದಿನ ಅವಧಿಯಲ್ಲಿ ಮಕ್ಕಳಿಂದಲೇ ಗೋಡೆಪತ್ರಿಕೆ ಮಾಡಿಸಬೇಕೆಂದಿದ್ದೇನೆ. ಗೋಡೆಯಲ್ಲಿ ನಾಲ್ಕೈದು ಜನರಿಗಷ್ಟೇ ಜಾಗವಿದೆ. ಯಾರನ್ನು ಸೇರಿಸಬೇಕು, ಏಕೆ ಸೇರಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು. ಹುಟ್ಟಿದ ವರ್ಷ, ಪಡೆದ ಪ್ರಶಸ್ತಿ, ಹಿಡಿದ ಹುದ್ದೆಗಳ ಪಟ್ಟಿ ನನಗೆ ಬೇಡ. ಅವರು ಬರುವ ಮೊದಲು ಊರು ಹೇಗಿತ್ತು, ಬಂದ ಮೇಲೆ ಏನು ಬದಲಾಯಿತು ಎಂಬುದನ್ನು ಹದಿನಾಲ್ಕು ವರ್ಷದ ಮಗುವಿಗೆ ತೋರಿಸುವಂತಿರಬೇಕು.

ಜಿಲ್ಲೆಯ ಕವಿಗಳ ವಿಷಯವನ್ನು ಬೇರೆ ಪಾಠಕ್ಕೆ ಮೀಸಲಿಟ್ಟಿದ್ದೇನೆ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರನ್ನೂ ಮೇಲುಕೋಟೆಯ ಪು.ತಿ.ನ. ಅವರನ್ನೂ ಮಕ್ಕಳು ಕನ್ನಡ ಪಠ್ಯದಲ್ಲಿ ಓದುತ್ತಾರೆ. ಇಲ್ಲಿ ಊರಿನ ಸಾರ್ವಜನಿಕ ಬದುಕನ್ನು ರೂಪಿಸಿದವರ ಮಾತು ಮಾತ್ರ ಸಾಕು.

ಉತ್ತರ 1: ನಾಲೆ ಬಯಲಿನ ನಿವೃತ್ತ

ಮೇಷ್ಟ್ರೇ, ತಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ನಾನು ಕೃಷಿ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನನ್ನ ಮೊದಲ ಹೆಸರು ಡಾ. ಲೆಸ್ಲಿ ಕೋಲ್ಮನ್.

ಮೊದಲು ಕಾಲಕ್ರಮವನ್ನು ಮಕ್ಕಳಿಗೆ ಸರಿಯಾಗಿ ತಿಳಿಸಿ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಆದರೆ ಮಂಡ್ಯದ ಬಯಲಿಗೆ ನೀರು ತಂದ ಎಡದಂಡೆ ನಾಲೆ ಆಗಿದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ. ಅವರು 1926ರಿಂದ 1941ರವರೆಗೆ ಆ ಹುದ್ದೆಯಲ್ಲಿದ್ದರು. ಅಂದಿನ ವೈಸ್‌ರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಎಂದು ಕರೆಸಿಕೊಂಡಿದ್ದ ಅದೇ ನಾಲೆಯನ್ನು ನಾವು ಇಂದು ವಿಶ್ವೇಶ್ವರಯ್ಯ ನಾಲೆ, ಅಂದರೆ ವಿ.ಸಿ. ನಾಲೆ ಎನ್ನುತ್ತೇವೆ. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಮಾಡಿದ ಮೇಲೆ ನೀರು ಈ ಕಡೆ ಹರಿಯಿತು. ಸಾಧ್ಯವಾದರೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಗುಡ್ಡದೊಳಗಿಂದ ನೀರು ಹೊರಬರುವುದನ್ನು ಒಮ್ಮೆ ನೋಡಿದ ಮಗು ಮರೆಯುವುದಿಲ್ಲ.

ಈಗ ಕೋಲ್ಮನ್ ಅವರ ವಿಷಯ. ಕೆನಡಾದಲ್ಲಿ ಹುಟ್ಟಿ, ಜರ್ಮನಿಯಲ್ಲಿ ಓದಿದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮಲೆನಾಡಿನ ಅಡಿಕೆ ತೋಟಗಳನ್ನು ಹಾಳು ಮಾಡುತ್ತಿದ್ದ ಕೊಳೆರೋಗಕ್ಕೆ ಒಂದು ಬಗೆಯ ಶಿಲೀಂಧ್ರ ಕಾರಣವೆಂದು ತೋರಿಸಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ರೈತರಿಗೆ ಕಲಿಸಿದರು. ಇಂದಿಗೂ ಮುಂಗಾರಿನಲ್ಲಿ ತೀರ್ಥಹಳ್ಳಿ, ಶೃಂಗೇರಿ ಕಡೆಯ ತೋಟಗಳಲ್ಲಿ ಅದೇ ಔಷಧಿ ಹೊಡೆಯುತ್ತಾರೆ. ಆಮೇಲೆ ಅವರು ಸಂಸ್ಥಾನದ ಕೃಷಿ ನಿರ್ದೇಶಕರಾದರು.

ಮಂಡ್ಯದ ಬಯಲಿಗೆ ನಾಲೆ ನೀರು ಬಂದಾಗ ಇಲ್ಲಿನ ರೈತ ರಾಗಿ, ಹುರುಳಿ, ಎಳ್ಳು ಬೆಳೆಯುತ್ತಿದ್ದವನು. ಕೆರೆಯ ಹಿಂದಿನ ಗದ್ದೆಯಲ್ಲಷ್ಟೇ ಭತ್ತ. ನೀರು ಬಂದ ತಕ್ಷಣ ಐಶ್ವರ್ಯ ಬರಲಿಲ್ಲ. ನೀರು ನಿಂತ ಕಡೆ ಮಲೇರಿಯಾ ಬಂತು. ಅದೇ ಹೊತ್ತಿಗೆ ಜಗತ್ತಿನ ಆರ್ಥಿಕ ಕುಸಿತದಿಂದ ಧಾನ್ಯದ ಬೆಲೆ ನೆಲ ಕಚ್ಚಿತ್ತು. ಆಗ ದೇಶಕ್ಕೆ ಬರುತ್ತಿದ್ದ ಸಕ್ಕರೆಯಲ್ಲಿ ಹೆಚ್ಚಿನ ಪಾಲು ಜಾವಾದ್ದು. 1932ರಲ್ಲಿ ಭಾರತ ಸರ್ಕಾರ ದೇಶೀಯ ಸಕ್ಕರೆ ಉದ್ಯಮದ ರಕ್ಷಣೆಗಾಗಿ ಕಾಯ್ದೆ ತಂದಿತು. ನೀರು ಇತ್ತು, ನೆಲ ಇತ್ತು, ಮಾರುಕಟ್ಟೆಯೂ ಹೊಸದಾಗಿ ತೆರೆದಿತ್ತು. ಈ ಮೂರನ್ನೂ ಒಂದು ಕಡೆ ಸೇರಿಸಲು ಬಲವಾಗಿ ನಿಂತವರು ಕೋಲ್ಮನ್. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸರ್ಕಾರದ ಜೊತೆಗೆ ಸಾರ್ವಜನಿಕರೂ ರೈತರೂ ಅದರ ಷೇರುದಾರರಾದರು.

ಮಕ್ಕಳಿಗೆ ತೋರಿಸಬೇಕಾದ ಸಂಗತಿ ಇದೇ ಎಂದು ನನಗೆ ಅನ್ನಿಸುತ್ತದೆ. ನಮ್ಮ ತಾತನ ಕಬ್ಬಿಣದ ಟ್ರಂಕಿನ ತಳದಲ್ಲಿ ಒಂದು ಷೇರು ಪತ್ರವಿತ್ತು. ನಾಲ್ಕು ಮಡಿಕೆಯಲ್ಲಿ ಮಡಚಿ, ಹಳೆಯ ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಜಮೀನಿನ ಕಾಗದಗಳ ಕೆಳಗೆ ಇಟ್ಟಿದ್ದರು. ಮಡಿಕೆಗಳು ಸವೆದು ಬೆಳಕು ಕಾಣುತ್ತಿತ್ತು. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೆ ಯುಗಾದಿಗೆ ಟ್ರಂಕು ತೆಗೆದಾಗಲೆಲ್ಲ ಅದನ್ನು ಬಿಡಿಸಿ ನೋಡಿ, ‘ಫ್ಯಾಕ್ಟ್ರಿಲಿ ನಮ್ದೂ ಒಂದ್ ಇಟ್ಟಿಗೆ ಅದೆ ಕಣಪ್ಪ’ ಎನ್ನುತ್ತಿದ್ದರು. ಕಬ್ಬು ಅರೆಯುವ ಕಾಲದಲ್ಲಿ ಎತ್ತಿನ ಗಾಡಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತಿದ್ದವು. ಅವರು ರಾತ್ರಿಯಿಡೀ ಗಾಡಿಯ ಕೆಳಗೇ ಮಲಗಿ ಸರದಿ ಕಾಯುತ್ತಿದ್ದರು. ತಮ್ಮ ವಿದ್ಯಾರ್ಥಿನಿ ತಾತನ ಹೆಸರು ಬರೆದದ್ದು ನೂರಕ್ಕೆ ನೂರು ಸರಿಯಾದ ಉತ್ತರ.

ವಿ.ಸಿ. ಫಾರಂ ಎಂದು ನಾವು ಕರೆಯುವ ಕೃಷಿ ಸಂಶೋಧನಾ ಕೇಂದ್ರ ಹುಟ್ಟಿದ್ದೂ ಈ ನಾಲೆಯ ನೀರನ್ನು ಹೇಗೆ ಬಳಸಬೇಕು ಎಂಬ ಪ್ರಶ್ನೆಯಿಂದಲೇ. ಮಂಡ್ಯ 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯಾಗುವ ಹೊತ್ತಿಗೆ ಇಲ್ಲಿ ನಾಲೆ, ಕಾರ್ಖಾನೆ, ರೈಲು ಮೂರೂ ಇದ್ದವು. ರೈಲು 1880ರ ದಶಕದಲ್ಲೇ ಬಂದಿತ್ತು. ಉಳಿದೆರಡು ಬಂದದ್ದು ಜಿಲ್ಲೆಯಾಗುವ ಮುಂಚಿನ ಹತ್ತು ವರ್ಷದೊಳಗೆ.

ಉತ್ತರ 2: ಶಿಂಷಾ ದಡದಿಂದ

ಹಿರಿಯರು ಬರೆದದ್ದನ್ನು ಗೌರವದಿಂದ ಓದಿದೆ. ಕೋಲ್ಮನ್ ಅವರ ಋಣವನ್ನು ಒಪ್ಪುತ್ತೇನೆ. ಆದರೆ ಅವರು ಸಂಸ್ಥಾನದ ಅಧಿಕಾರಿ. ಅವರ ಕಚೇರಿಯೂ ಕಾರ್ಯಕ್ಷೇತ್ರವೂ ಮುಖ್ಯವಾಗಿ ಬೆಂಗಳೂರು. ಮೇಷ್ಟ್ರು ಕೇಳಿದ್ದು ಇಲ್ಲಿ ನಿಂತವರ ಬಗ್ಗೆ. ಅಧಿಕಾರವಿದ್ದವರು ಆದೇಶ ಮಾಡಿ ಊರು ಕಟ್ಟುವುದು ಒಂದು ಬಗೆ. ಯಾವ ಅಧಿಕಾರವೂ ಇಲ್ಲದವರು ನಾಲ್ಕು ಜನರನ್ನು ಸೇರಿಸಿ ಸಭೆ ನಡೆಸುವುದು ಇನ್ನೊಂದು ಬಗೆ. ಸಾರ್ವಜನಿಕ ಬದುಕು ಎಂಬ ಮಾತಿಗೆ ಎರಡನೆಯದೇ ಹೆಚ್ಚು ಹತ್ತಿರ ಎಂದು ನಾನು ತಿಳಿದಿದ್ದೇನೆ.

ಆದ್ದರಿಂದ ಮದ್ದೂರಿನ ಎಚ್.ಕೆ. ವೀರಣ್ಣಗೌಡರ ಹೆಸರನ್ನು ಸೂಚಿಸುತ್ತೇನೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಿತು. ಟಿ. ಸಿದ್ದಲಿಂಗಯ್ಯನವರು ಅದರ ಅಧ್ಯಕ್ಷರು. ಸಭೆ ನಡೆಸಲು ಸರ್ಕಾರದ ಅಡ್ಡಿ ಇರಲಿಲ್ಲ, ಆದರೆ ತ್ರಿವರ್ಣ ಧ್ವಜ ಹಾರಿಸಬಾರದೆಂದು ನಿಷೇಧಾಜ್ಞೆ ಇತ್ತು. ಏಪ್ರಿಲ್ 11ರಂದು ಆಜ್ಞೆಯನ್ನು ಮೀರಿ ಧ್ವಜ ಹಾರಿಸಲಾಯಿತು, ಮುಖಂಡರ ಬಂಧನವಾಯಿತು. ಮರುದಿನವೂ ಅದರ ಮರುದಿನವೂ ಜನ ಮತ್ತೆ ಧ್ವಜ ಹಿಡಿದು ಬಂದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜದ ಕಾರಣಕ್ಕೇ ಸೇರಿದ್ದ ಜನರ ಮೇಲೆ ಗೋಲಿಬಾರ್ ನಡೆಯಿತು. ಆಮೇಲೆ ದಿವಾನ್ ಮಿರ್ಜಾ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ ಸಿಕ್ಕಿತು. ನಾಲೆ ತರಿಸಿದ ದಿವಾನರೂ ಧ್ವಜ ತಡೆದ ದಿವಾನರೂ ಒಬ್ಬರೇ ಎಂಬುದನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಬೇಕು. ಅವರು ಅರ್ಥ ಮಾಡಿಕೊಳ್ಳುತ್ತಾರೆ.

ಒಂದು ಅಧಿವೇಶನ ಎಂದರೆ ಭಾಷಣ ಮಾತ್ರವಲ್ಲ. ಮೈಸೂರು, ಬೆಂಗಳೂರು, ಕೋಲಾರ, ಶಿವಮೊಗ್ಗದಿಂದ ಬಂದ ಸಾವಿರಾರು ಜನರಿಗೆ ಬಿರುಬೇಸಿಗೆಯ ಏಪ್ರಿಲ್‌ನಲ್ಲಿ ನೀರು, ಅನ್ನ, ನೆರಳು ಒದಗಿಸಬೇಕು. ಚಪ್ಪರಕ್ಕೆ ಗಳ, ತೆಂಗಿನ ಗರಿ ಬೇಕು. ಗಾಡಿ ಬೇಕು, ಒಲೆ ಬೇಕು, ಸೌದೆ ಬೇಕು. ಬಂಧನವಾಗಬಹುದು ಎಂದು ಗೊತ್ತಿದ್ದೂ ಅದಕ್ಕೆಲ್ಲ ಹಳ್ಳಿಗಳಲ್ಲಿ ತಿರುಗಿ ಜನರನ್ನು ಒಪ್ಪಿಸಿದ ವೀರಣ್ಣಗೌಡರಂಥವರು ಇಲ್ಲದಿದ್ದರೆ ಮದ್ದೂರಿನಂಥ ಸಣ್ಣ ಪೇಟೆಗೆ ಆ ದಿನ ಬರುತ್ತಿರಲಿಲ್ಲ. ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ಹೆದ್ದಾರಿಯ ವಾಹನಗಳು ನಿಲ್ಲದೆ ಹೋಗುತ್ತವೆ. ಮದ್ದೂರು ವಡೆ ತಿನ್ನಲು ಇಳಿಯುವವರಲ್ಲಿ ಹತ್ತಕ್ಕೆ ಒಬ್ಬರಾದರೂ ಸೌಧದ ಒಳಗೆ ಕಾಲಿಟ್ಟರೆ ಎಷ್ಟು ಚೆನ್ನ ಎಂದು ನಾನು ಪ್ರತಿಸಲ ಅಂದುಕೊಳ್ಳುತ್ತೇನೆ.

ಉತ್ತರ 3: ಗುತ್ತಲು ರಸ್ತೆಯ ಗೃಹಿಣಿ

ಮೇಷ್ಟ್ರೇ, ಇಬ್ಬರೂ ಹಿರಿಯರು ಬರೆದದ್ದರಲ್ಲಿ ಕೆ.ವಿ. ಶಂಕರಗೌಡರ ಹೆಸರು ಇಲ್ಲದ್ದು ನೋಡಿ ನಾನೇ ಬರೆಯಬೇಕೆನಿಸಿತು. ಅವರನ್ನು ಜನ ‘ನಿತ್ಯ ಸಚಿವ’ ಎಂದು ಕರೆಯುತ್ತಿದ್ದರು. ಕ್ಯಾತುಂಗೆರೆಯವರು. ಶಾಸಕರಾದರು, ರಾಜ್ಯದ ಶಿಕ್ಷಣ ಸಚಿವರಾದರು, 1984ರಲ್ಲಿ ಮಂಡ್ಯದಿಂದ ಲೋಕಸಭೆಗೂ ಹೋದರು. ಮಕ್ಕಳಿಗೆ ಹೇಳಬೇಕಾದದ್ದು ಅದಲ್ಲ. 1962ರಲ್ಲಿ ಜನತಾ ಶಿಕ್ಷಣ ಟ್ರಸ್ಟ್ ಮೂಲಕ ಅವರು ಮಂಡ್ಯದಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು. ಆಗ ಕಬ್ಬು ಮತ್ತು ಭತ್ತದ ಈ ಊರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಎಂದರೆ ಎಷ್ಟು ಜನ ನಂಬಿದ್ದರೋ! ಮೈಸೂರಿಗೋ ಬೆಂಗಳೂರಿಗೋ ಮಗನನ್ನು ಕಳಿಸಿ ಹಾಸ್ಟೆಲ್ ಖರ್ಚು ಕೊಡಲಾಗದ ರೈತ, ಬೆಳಿಗ್ಗೆ ಬಸ್ಸಿನಲ್ಲಿ ಕಳಿಸಿ ಸಂಜೆ ಮನೆಗೆ ಕರೆಸಿಕೊಂಡು ಅವನನ್ನು ಎಂಜಿನಿಯರ್ ಮಾಡಿದ. ಟ್ರಸ್ಟಿನ ಇತರ ಕಾಲೇಜುಗಳಲ್ಲಿ ಹೆಣ್ಣುಮಕ್ಕಳು ಓದಿದರು. ಅವರಲ್ಲಿ ನಾನೂ ಒಬ್ಬಳು. ನಮ್ಮ ಹಳ್ಳಿಯಿಂದ ಪದವಿಗೆ ಬಂದ ಮೊದಲ ಹುಡುಗಿ ನಾನು. ‘ಮಂಡ್ಯದಲ್ಲೇ ಅಲ್ವಾ, ಸಂಜೆ ಮನೆಗೆ ಬತ್ತಳೆ’ ಎಂಬ ಒಂದೇ ಮಾತಿಗೆ ನಮ್ಮ ಅಪ್ಪ ಒಪ್ಪಿದ್ದರು. ಕಾಲೇಜು ಇಪ್ಪತ್ತು ಮೈಲಿ ಆಚೆ ಇದ್ದಿದ್ದರೆ ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಲ್ಲುತ್ತಿತ್ತು.

ಗೌಡರಿಗೆ ನಾಟಕವೆಂದರೆ ಪ್ರಾಣ. ಅವರ ಹೆಸರಿನ ಭವನ ಕರ್ನಾಟಕ ಸಂಘದ ಆವರಣದಲ್ಲಿದೆ. ಈಗಲೂ ಅಲ್ಲಿ ಸಂಜೆ ಹೊತ್ತು ಏನಾದರೊಂದು ಕಾರ್ಯಕ್ರಮ ಇದ್ದೇ ಇರುತ್ತದೆ.

ಇನ್ನೊಂದು ಮಾತು. ಇಲ್ಲಿಯವರೆಗಿನ ಹೆಸರುಗಳೆಲ್ಲ ಗಂಡಸರವು. ಮಂಡ್ಯದಲ್ಲಿ 1974ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಜಯದೇವಿತಾಯಿ ಲಿಗಾಡೆ ಅಧ್ಯಕ್ಷರಾಗಿದ್ದರು. ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ ಅವರು. ಅವರು ನಮ್ಮ ಊರಿನವರಲ್ಲ, ಸೊಲ್ಲಾಪುರದವರು. ಆದರೂ ಆ ಗೌರವ ಸಂದ ಊರು ನಮ್ಮದು ಎಂಬುದು ಹೆಣ್ಣುಮಕ್ಕಳಿಗೆ ತಿಳಿದಿರಬೇಕು. ನಮ್ಮ ಊರಿನ ಹೆಂಗಸರ ಹೆಸರು ಪುಸ್ತಕಗಳಲ್ಲಿ ಸಿಗುವುದು ಕಷ್ಟ. ಮೊದಲ ತಲೆಮಾರಿನ ಶಿಕ್ಷಕಿಯರು, ಹಳ್ಳಿ ಹಳ್ಳಿಗೆ ನಡೆದು ಹೋಗುತ್ತಿದ್ದ ದಾದಿಯರು, ಸೂಲಗಿತ್ತಿಯರು, ಮಹಿಳಾ ಸಮಾಜಗಳನ್ನು ನಡೆಸಿದವರು, ಇವರ ಬಗ್ಗೆ ಅಜ್ಜಿಯರನ್ನೇ ಕೇಳಬೇಕು. ಗೋಡೆಪತ್ರಿಕೆಯ ಒಂದು ಭಾಗವನ್ನು ಅದಕ್ಕೆಂದೇ ಖಾಲಿ ಬಿಟ್ಟು, ಮಕ್ಕಳು ಮನೆಯಲ್ಲಿ ಕೇಳಿ ಬಂದದ್ದನ್ನು ತುಂಬಿಸಿ.

ಉತ್ತರ 4: ಒಂಟಿಕೊಪ್ಪಲಿನ ಓದುಗ

ನಾನು ಮೈಸೂರಿನವನು, ಮಂಡ್ಯದ ವಿಷಯದಲ್ಲಿ ಹೆಚ್ಚು ಹೇಳುವ ಅರ್ಹತೆ ನನಗಿಲ್ಲ. ಆದರೆ ಮಕ್ಕಳಿಗೆ ಹೇಳುವ ಬಗೆಯ ಬಗ್ಗೆ ನಮ್ಮ ಊರಿನ ಒಂದು ಉದಾಹರಣೆ ಉಪಯೋಗವಾಗಬಹುದು.

ಎಂ. ವೆಂಕಟಕೃಷ್ಣಯ್ಯನವರನ್ನು ಮೈಸೂರಿನ ಜನ ತಾತಯ್ಯ ಎಂದು ಕರೆದರು. 1844ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮಗ್ಗೆಯಲ್ಲಿ ಹುಟ್ಟಿ, 1933ರಲ್ಲಿ ತೀರಿಕೊಂಡರು. ಮರಿಮಲ್ಲಪ್ಪನವರೆಂಬ ದಾನಿಗಳು ಬಿಟ್ಟುಹೋದ ಹಣದಿಂದ 1876ರಲ್ಲಿ ಒಂದು ಶಾಲೆ ಶುರುವಾಯಿತು, ತಾತಯ್ಯನವರು ಅದರ ಮುಖ್ಯೋಪಾಧ್ಯಾಯರಾದರು. ಒಬ್ಬರ ಹಣ, ಇನ್ನೊಬ್ಬರ ಆಯುಷ್ಯ. ಶಾಲೆಯಲ್ಲಿ ಪಾಠ ಹೇಳುತ್ತಲೇ ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ಯಂಥ ಪತ್ರಿಕೆಗಳನ್ನು ನಡೆಸಿದರು, ದಿವಾನರ ಆಡಳಿತವನ್ನು ಟೀಕಿಸಿದರು. 1908ರಲ್ಲಿ ಸಂಸ್ಥಾನ ಪತ್ರಿಕೆಗಳ ಬಾಯಿ ಕಟ್ಟುವ ಕಾಯ್ದೆ ತಂದಾಗ ತಲೆಬಾಗದೆ ಪತ್ರಿಕೆ ನಿಲ್ಲಿಸಿದರು. ತಂದೆ ತಾಯಿ ಇಲ್ಲದ ಮಕ್ಕಳಿಗಾಗಿ ಅನಾಥಾಲಯ ಕಟ್ಟಿದರು. ಅವರು ಯಾವ ದೊಡ್ಡ ಹುದ್ದೆಯಲ್ಲೂ ಇರಲಿಲ್ಲ, ಮೇಷ್ಟ್ರಾಗಿದ್ದರು.

ನಾನು ಚಿಕ್ಕವನಿದ್ದಾಗ ನಮ್ಮ ತಂದೆ ತಾತಯ್ಯನವರ ಪ್ರತಿಮೆಯ ಮುಂದೆ ನಿಲ್ಲಿಸಿ ಹುಟ್ಟು, ಸಾವು, ಬಿರುದು ಎಲ್ಲ ಒಪ್ಪಿಸಿದ್ದರು. ಒಂದೂ ನೆನಪಿನಲ್ಲಿ ಉಳಿಯಲಿಲ್ಲ. ಮುಂದೆ ಒಂದು ದಿನ ಅದೇ ಶಾಲೆಯಲ್ಲಿ ಓದಿದ ಪಕ್ಕದ ಮನೆಯ ಹಿರಿಯರೊಬ್ಬರು, ‘ಆ ಶಾಲೆ ಇಲ್ಲದಿದ್ದರೆ ನಾನು ಸೌದೆ ಡಿಪೋದಲ್ಲಿ ಲೆಕ್ಕ ಬರೆಯುತ್ತಿದ್ದೆ’ ಎಂದರು. ತಾತಯ್ಯ ಯಾರೆಂದು ನನಗೆ ಅಂದು ತಿಳಿಯಿತು. ಗುತ್ತಲು ರಸ್ತೆಯ ಅಮ್ಮನವರು ಬರೆದ ‘ಸಂಜೆ ಮನೆಗೆ ಬತ್ತಳೆ’ ಎಂಬ ಮಾತನ್ನು ಹಾಗೆಯೇ ಗೋಡೆಪತ್ರಿಕೆಯಲ್ಲಿ ಹಾಕಿ. ಶಂಕರಗೌಡರ ಬಗ್ಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಶಿಂಷಾ ದಡದವರ ಆಕ್ಷೇಪದ ಬಗ್ಗೆಯೂ ಒಂದು ಮಾತು. ಕೋಲ್ಮನ್ ಇಲ್ಲಿ ಮನೆ ಮಾಡಿದ್ದರೋ ಇಲ್ಲವೋ ಎಂಬುದಕ್ಕಿಂತ, ಅವರು ಬಿಟ್ಟುಹೋದ ಮೇಲೆ ಕೆಲಸವನ್ನು ಹೊತ್ತುಕೊಂಡವರು ಇಲ್ಲಿನ ಜನರೇ ಎಂಬುದು ಮುಖ್ಯ. ಷೇರು ಪತ್ರ ಮಡಚಿಟ್ಟುಕೊಂಡ ಆ ರೈತನ ಹೆಸರನ್ನು ಕೋಲ್ಮನ್ ಹೆಸರಿನ ಪಕ್ಕದಲ್ಲೇ ಬರೆದರೆ ತಮ್ಮ ಆಕ್ಷೇಪಕ್ಕೂ ಉತ್ತರ ಸಿಕ್ಕಂತಾಗುತ್ತದೆ.

ಉತ್ತರ 5: ಶಿಂಷಾ ದಡದಿಂದ

ಒಪ್ಪಿದೆ. ಹಾಗಿದ್ದರೆ ಜಿ. ಮಾದೇಗೌಡರನ್ನೂ ಮರೆಯಬೇಡಿ. ಕಿರುಗಾವಲಿನಿಂದ ಆರು ಸಲ ಶಾಸಕರಾಗಿ, ಎರಡು ಸಲ ಸಂಸದರಾಗಿ, ಕಾವೇರಿ ನೀರಿಗಾಗಿ ಕೊನೆಯವರೆಗೂ ರೈತರ ಜೊತೆ ಬೀದಿಯಲ್ಲಿ ಕುಳಿತವರು. ಕಾಳಮುದ್ದನದೊಡ್ಡಿ ಎಂಬ ಹಳ್ಳಿ ಭಾರತೀನಗರ ಎಂಬ ವಿದ್ಯಾಕೇಂದ್ರವಾದದ್ದು ಅವರ ಸಂಸ್ಥೆಯಿಂದ. 2021ರ ಜುಲೈನಲ್ಲಿ ತೀರಿಕೊಂಡರು. ಅವರನ್ನು ಕಣ್ಣಾರೆ ಕಂಡವರು ಪ್ರತಿ ಊರಿನಲ್ಲೂ ಇದ್ದಾರೆ, ಆದ್ದರಿಂದ ಮಕ್ಕಳಿಗೆ ಪುಸ್ತಕ ಬೇಕಿಲ್ಲ, ಕೇಳಿದರೆ ಸಾಕು. ಮೇಲುಕೋಟೆಯಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿ, ಖಾದಿ ನೇಯ್ಗೆಯನ್ನೂ ಅನಾಥ ಮಕ್ಕಳ ಪಾಲನೆಯನ್ನೂ ನಡೆಸಿದ ಸುರೇಂದ್ರ ಕೌಲಗಿಯವರ ಹೆಸರೂ ಜಿಲ್ಲೆಯ ಪಟ್ಟಿಯಲ್ಲಿ ಇರಬೇಕು.

ಪ್ರಶ್ನೆ ಕೇಳಿದವರಿಂದ: ಹೊಸಹಳ್ಳಿ ಮೇಷ್ಟ್ರು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕೋಲ್ಮನ್, ವೀರಣ್ಣಗೌಡ, ಶಂಕರಗೌಡ, ಮಾದೇಗೌಡ ಈ ನಾಲ್ವರನ್ನು ಆರಿಸಿಕೊಂಡಿದ್ದೇನೆ. ಕೌಲಗಿಯವರ ವಿಷಯವನ್ನು ಮೇಲುಕೋಟೆ ಪ್ರವಾಸದ ದಿನ ಅಲ್ಲೇ ಹೇಳುತ್ತೇನೆ. ಐದನೆಯ ಜಾಗವನ್ನು ಅಮ್ಮನವರು ಹೇಳಿದಂತೆ ಖಾಲಿ ಬಿಡುತ್ತಿದ್ದೇನೆ. ಪ್ರತಿ ಮಗುವೂ ಮನೆಯ ಅಜ್ಜಿಗೆ ಮೂರು ಪ್ರಶ್ನೆ ಕೇಳಿ ಬರಬೇಕು: ನಿಮಗೆ ಅಕ್ಷರ ಕಲಿಸಿದವರು ಯಾರು, ಹೆರಿಗೆ ಮಾಡಿಸಿದವರು ಯಾರು, ಊರಿಗೆ ಕಷ್ಟ ಬಂದಾಗ ಎಲ್ಲರನ್ನೂ ಸೇರಿಸುತ್ತಿದ್ದವರು ಯಾರು?

ನಾಲೆ ಬಯಲಿನ ಹಿರಿಯರಲ್ಲಿ ಒಂದು ಪ್ರಾರ್ಥನೆ. ಬರುವ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಮಕ್ಕಳನ್ನು ಊರಾಚೆಯ ತೂಬಿನ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ನೀರುಗಂಟಿಯವರು ಬಾಗಿಲು ಎತ್ತಿ ತೋರಿಸಲು ಒಪ್ಪಿದ್ದಾರೆ. ತಾತನವರ ಷೇರು ಪತ್ರ ಇನ್ನೂ ತಮ್ಮ ಬಳಿ ಇದ್ದರೆ, ಅದನ್ನು ತೆಗೆದುಕೊಂಡು ತಾವೂ ಅಲ್ಲಿಗೆ ಬರಬೇಕು. ಕಬ್ಬಿನ ಗಾಡಿ ಹೊಡೆಯುತ್ತಿದ್ದ ತಾತನನ್ನು ಕರೆತರುವುದಾಗಿ ಆ ಹುಡುಗಿ ಹೇಳಿದ್ದಾಳೆ. ಅವರಿಗೆ ಈಗ ಎಂಬತ್ತಾರು. ಸರದಿ ಕಾಯುತ್ತಿದ್ದ ರಾತ್ರಿಗಳ ಬಗ್ಗೆ ನೀವಿಬ್ಬರೂ ಮಾತನಾಡಿದರೆ ಮಕ್ಕಳು ಬರೆದುಕೊಳ್ಳುತ್ತಾರೆ.